ಗಣಿಯ ಗಾಳಿ ಮತ್ತು ರೇಡಾನ್: ಒಂದು ವರದಿಯ ವಿಮರ್ಶೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಸುಣ್ಣಕಲ್ಲು ಹಾಗೂ ಅದರ ತಳದ ಗ್ರಾನೈಟ್ ಶಿಲೆಗಳಲ್ಲಿ ಯುರೇನಿಯಂ ಅದಿರು ಪತ್ತೆಯಾಗಿದೆ. ಅಲ್ಲಿ ಭೂಗತ ಗಣಿಯ ಪ್ರಸ್ತಾಪ ಬಂದಾಗ ಗಣಿಯ ಗಾಳಿಯ ಬಗೆಗೆ ಪ್ರಶ್ನೆ ಏಳುವುದು ಸಹಜ. ಉತ್ತರಕ್ಕೆ ವಿಜ್ಞಾನಿಗಳು ಆಧರಿಸುವ ಮುಖ್ಯ ಗ್ರಂಥಗಳಲ್ಲೊಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1999ರಲ್ಲಿ ಪ್ರಕಟಿಸಿದ 'ಬಿಇಐಆರ್-6' ವರದಿ. ನಮ್ಮ ಅಧ್ಯಾಪಕರು ಇದನ್ನು ಹೇಗೆ ಓದಬೇಕು?

ಮೊದಲು ಮೂಲ ಸಂಗತಿ. ಯುರೇನಿಯಂ ಸರಣಿಯ ರೇಡಿಯಂನಿಂದ ಹುಟ್ಟುವ ರೇಡಾನ್-222 ಅನಿಲದ ಅರ್ಧಾಯು 3.8 ದಿನ. ಉಸಿರಿನೊಂದಿಗೆ ಒಳಹೋದ ಅನಿಲದ ಬಹುಪಾಲು ಹಾಗೆಯೇ ಹೊರಬರುತ್ತದೆ. ಹೆಚ್ಚು ಹಾನಿ ಮಾಡುವುದು ಅದರ ಸಂತತಿ ಧಾತುಗಳು. ಪೊಲೋನಿಯಂ-218 ಮೊದಲಾದ ಇವು ಘನರೂಪದವು. ಶ್ವಾಸನಾಳದ ಒಳಪದರಕ್ಕೆ ಅಂಟಿ ಅಲ್ಲಿಯೇ ಆಲ್ಫಾ ಕಣಗಳನ್ನು ಸೂಸುತ್ತವೆ. ಗಾಳಿ ನಿಂತಷ್ಟೂ ಇವು ಹೆಚ್ಚುತ್ತವೆ. ಆದ್ದರಿಂದ ಗಣಿಯಲ್ಲಿ ಅದಿರಿನಷ್ಟೇ ಮುಖ್ಯವಾದುದು ವಾಯುಸಂಚಾರ.

ವರದಿಯ ಹಿರಿಮೆ ಅದರ ವ್ಯಾಪ್ತಿಯಲ್ಲಿದೆ. ಹನ್ನೊಂದು ಗಣಿಕಾರ್ಮಿಕ ಸಮೂಹಗಳ 60,000ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಅದು ಒಟ್ಟುಗೂಡಿಸಿದೆ. ಇವುಗಳಲ್ಲಿ ಚೀನಾದ ತವರದ ಗಣಿ, ಸ್ವೀಡನ್ನಿನ ಕಬ್ಬಿಣದ ಗಣಿಗಳೂ ಸೇರಿವೆ. ಎಂದರೆ ರೇಡಾನ್ ಯುರೇನಿಯಂ ಗಣಿಗಷ್ಟೇ ಸೀಮಿತವಲ್ಲ. ಸುರಪುರದಿಂದ ಕೃಷ್ಣಾ ನದಿ ದಾಟಿದರೆ ಸಿಗುವ ಹಟ್ಟಿ ಚಿನ್ನದ ಗಣಿಯಂತಹ ಕಡೆಗಳಲ್ಲೂ ಅಳೆಯಬೇಕಾದ ಸಂಗತಿ ಇದು. ಒಟ್ಟು ಒಡ್ಡಿಕೆ ಒಂದೇ ಆಗಿದ್ದರೂ, ಕಡಿಮೆ ಸಾಂದ್ರತೆಯಲ್ಲಿ ದೀರ್ಘಕಾಲ ದುಡಿದವರಲ್ಲಿ ಅಪಾಯ ಹೆಚ್ಚು ಕಂಡಿತೆಂಬುದೂ ಗಮನಾರ್ಹ.

ಕೊರತೆಗಳೂ ಇವೆ. ಹಳೆಯ ಗಣಿಗಳಲ್ಲಿ ಮಾಪನವಿಲ್ಲದ ವರ್ಷಗಳ ಒಡ್ಡಿಕೆಯನ್ನು ಅಂದಾಜಿನಿಂದ ತುಂಬಲಾಗಿದೆ. ಧೂಮಪಾನದ ಮಾಹಿತಿ ಇದ್ದುದು ಆರು ಸಮೂಹಗಳಿಗೆ ಮಾತ್ರ. ರೇಡಾನ್ ಮತ್ತು ಹೊಗೆ ಸೇರಿದಾಗ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಏರುವುದರಿಂದ ಇದು ಸಣ್ಣ ಲೋಪವಲ್ಲ. ಬೀಡಿ ಸೇದುವ ನಮ್ಮ ಕಾರ್ಮಿಕ ಆ ಪಟ್ಟಿಯಲ್ಲಿಲ್ಲ. 1880ರ ದಶಕದಿಂದ 2001ರವರೆಗೆ ನಡೆದ ಕೋಲಾರವಾಗಲಿ, 1967ರಲ್ಲಿ ಆರಂಭವಾದ ಜಾದೂಗುಡವಾಗಲಿ ಆ ಹನ್ನೊಂದರಲ್ಲಿ ಸೇರಿಲ್ಲ.

ವರದಿಯ ಏಕಕವನ್ನೂ ಇಂದಿನ ಲೆಕ್ಕದೊಡನೆ ಓದಬೇಕು. 'ವರ್ಕಿಂಗ್ ಲೆವೆಲ್' ಎಂಬುದು ಗಾಳಿಯಲ್ಲಿನ ಸಂತತಿ ಧಾತುಗಳ ಅಳತೆ. ಒಂದು ಲೆವೆಲ್‌ನಲ್ಲಿ 170 ಗಂಟೆ ದುಡಿದರೆ ಒಂದು 'ವರ್ಕಿಂಗ್ ಲೆವೆಲ್ ಮಂತ್'. ಉದಾಹರಣೆಗೆ, 0.2 ಲೆವೆಲ್ ಗಾಳಿಯಲ್ಲಿ ವರ್ಷಕ್ಕೆ 2000 ಗಂಟೆ ದುಡಿದವನಿಗೆ ಸುಮಾರು 2.35 ಮಂತ್ ಆಗುತ್ತದೆ. ಒಂದಕ್ಕೆ 5 ಮಿಲಿಸೀವರ್ಟ್ ಎಂಬ ಹಳೆಯ ಗುಣಾಂಕದಂತೆ ಅವನ ಡೋಸ್ ಸುಮಾರು 12. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2017ರಲ್ಲಿ ಗಣಿಗಳಿಗೆ ಸೂಚಿಸಿದ ಸುಮಾರು 10ರ ಗುಣಾಂಕದಂತೆ ಅದು 23ಕ್ಕೂ ಹೆಚ್ಚು. ಭಾರತದಲ್ಲಿ ಐದು ವರ್ಷಗಳ ಸರಾಸರಿ ಮಿತಿ ವರ್ಷಕ್ಕೆ 20 ಮಿಲಿಸೀವರ್ಟ್. ಗಾಳಿ ಅದೇ, ಗಂಟೆ ಅದೇ. ಲೆಕ್ಕ ಬದಲಾದೊಡನೆ ಮಿತಿಯೊಳಗಿದ್ದವನು ಮಿತಿ ದಾಟಿದ.

ಹೀಗಿರುವಾಗ ಅಂಕಿಯಿಲ್ಲದೆ 'ಗಣಿ ಸುರಕ್ಷಿತ' ಎನ್ನುವುದೂ 'ಗಣಿ ಬಂದರೆ ಎಲ್ಲರಿಗೂ ಕ್ಯಾನ್ಸರ್' ಎನ್ನುವುದೂ ವಿಜ್ಞಾನವಲ್ಲ. ಎಷ್ಟು ಲೆವೆಲ್, ಎಷ್ಟು ಗಂಟೆ, ಯಾವ ಗುಣಾಂಕ, ಅಳೆದವರು ಯಾರು? ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ವಿದ್ಯಾರ್ಥಿಗಳಿಗೆ ಕಲಿಸಬೇಕು. ಕಾರ್ಮಿಕನ ಮೊದಲ ದಿನದಿಂದಲೇ ಒಡ್ಡಿಕೆ ಹಾಗೂ ಆರೋಗ್ಯದ ದಾಖಲೆ ಇಟ್ಟರೆ, ಮುಂದಿನ ವರದಿಯಲ್ಲಿ ನಮ್ಮವರನ್ನು ಅಂದಾಜಿನಿಂದ ತುಂಬಬೇಕಾಗುವುದಿಲ್ಲ.