ಕಾರಿನೊಳಗಿನ ಜೋರು: ರಸಿಕರಿಗೊಂದು ಕೈಪಿಡಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿಗೆ ಸ್ಪೀಕರ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಮಾರುವವರಿಗೂ ಈ ಪ್ರಶ್ನೆ ಅನುಕೂಲವೇ. ಡಬ್ಬದ ಮೇಲೆ 300, 400, 500 ಎಂದು ದಪ್ಪಕ್ಷರದಲ್ಲಿ ಉತ್ತರ ಅಚ್ಚಾಗಿಯೇ ಇರುತ್ತದೆ. ಆ ಸಂಖ್ಯೆಯನ್ನು ಮರೆತುಬಿಡಿ. ಅದು ಪೀಕ್ ವ್ಯಾಟ್: ಅಷ್ಟು ಹೊಡೆತ ಬಿದ್ದರೂ ಕ್ಷಣಮಾತ್ರ ಸುಡದೆ ತಡೆದುಕೊಂಡೀತು ಎಂಬ ಭರವಸೆ, ಅಷ್ಟೇ. ಡಬ್ಬ ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿ. ಅಲ್ಲಿ ಎಡೆಬಿಡದೆ ತಾಳಿಕೊಳ್ಳುವ ಆರ್‌ಎಂಎಸ್ ವ್ಯಾಟ್ ಎಷ್ಟು, ಸೆನ್ಸಿಟಿವಿಟಿ ಎಷ್ಟು ಎಂದು ಬರೆದಿರುತ್ತದೆ. ಬರೆದೇ ಇಲ್ಲವೆಂದರೆ ಆ ಡಬ್ಬವನ್ನು ಅಲ್ಲೇ ಬಿಟ್ಟು ಬನ್ನಿ.

ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದೇ ಸೆನ್ಸಿಟಿವಿಟಿ. ಇಲ್ಲಿ 87 ಮತ್ತು 93ರ ನಡುವಿನ ಅಂತರ ಕಾಣಲು ಚಿಕ್ಕದು, ನಿಜದಲ್ಲಿ ಬಹಳ ದೊಡ್ಡದು. ಸದ್ದು 3 ಡೆಸಿಬೆಲ್ ಏರಬೇಕಾದರೆ ವ್ಯಾಟ್ ಇಮ್ಮಡಿಯಾಗಬೇಕು. 6 ಏರಲು ನಾಲ್ಕು ಪಟ್ಟು. ಅಂದರೆ 93ರ ಸ್ಪೀಕರ್ 20 ವ್ಯಾಟ್‌ನಲ್ಲಿ ಮಾಡುವ ಕೆಲಸಕ್ಕೆ 87ರದು 80 ವ್ಯಾಟ್ ಕೇಳುತ್ತದೆ. ಕೆಲವು ಕಂಪನಿಗಳು ಇಲ್ಲೂ ಒಂದು ಕೈಚಳಕ ತೋರಿಸುತ್ತವೆ. ಒಂದು ವ್ಯಾಟ್ ಎನ್ನುವ ಬದಲು ‘2.83 ವೋಲ್ಟ್’ ಎಂದು ಬರೆದಿರುತ್ತವೆ. ಕಾರಿನ ನಾಲ್ಕು ಓಮ್ ಸ್ಪೀಕರ್‌ಗೆ ಅದು ಎರಡು ವ್ಯಾಟ್ ಆಗುತ್ತದೆ. ಅಂಥ ಕಡೆ ಬರೆದದ್ದರಿಂದ 3 ಕಳೆದು ಹೋಲಿಸಿ ನೋಡಿ.

ಸೆನ್ಸಿಟಿವಿಟಿಗೆ ಇಷ್ಟು ಮಹತ್ವ ಕೊಡಲು ಕಾರಣ ಕಾರಿನ ಬ್ಯಾಟರಿ. ಇಂಜಿನ್ ಓಡುವಾಗಲೂ ಸಿಗುವುದು 14.4 ವೋಲ್ಟ್ ಆಸುಪಾಸು. ಅಷ್ಟನ್ನೇ ನಂಬಿದ ಡ್ಯಾಶ್‌ಬೋರ್ಡಿನ ಸ್ಟೀರಿಯೋ ನಾಲ್ಕು ಓಮ್ ಸ್ಪೀಕರ್‌ಗೆ ಕೊಡಬಹುದಾದದ್ದು ಲೆಕ್ಕದಲ್ಲಿ ಸುಮಾರು 26 ವ್ಯಾಟ್. ಸ್ವಚ್ಛವಾಗಿ ಸಿಗುವುದು 20ರ ಆಸುಪಾಸು. ಮುಖಕ್ಕೆ ‘50 ವ್ಯಾಟ್ × 4’ ಎಂದು ಬರೆದಿದ್ದರೂ ಅಷ್ಟೇ. ಆದ್ದರಿಂದ ಆಂಪ್ಲಿಫೈಯರ್ ಹಾಕಿಸುವ ಯೋಚನೆ ಇಲ್ಲದವರು ಸೆನ್ಸಿಟಿವಿಟಿ ಹೆಚ್ಚಿರುವ, 90 ದಾಟಿದ ಸ್ಪೀಕರನ್ನೇ ಆರಿಸಬೇಕು. 100 ವ್ಯಾಟ್ ಆರ್‌ಎಂಎಸ್ ಬೇಡುವ ಭಾರಿ ಸ್ಪೀಕರನ್ನು ಬರೀ ಸ್ಟೀರಿಯೋಗೆ ಸಿಕ್ಕಿಸಿದರೆ ಕಂಪನಿ ಕೊಟ್ಟ ಹಳೆಯ ಸ್ಪೀಕರಿಗಿಂತ ಸಪ್ಪೆಯಾಗಿ ಕೇಳಿಸುವುದೂ ಉಂಟು.

ಇನ್ನು ಕಿವಿಯ ಮಾತು. ಕೈಪಿಡಿಗಳು ಬೇಗ ದಾಟಿಬಿಡುವ, ನಿಜಕ್ಕೂ ನಿಂತು ಕಲಿಯಬೇಕಾದ ಭಾಗ ಇದು.

ಅಂಗಡಿಯ ಡೆಮೊ ಬೋರ್ಡಿನಲ್ಲಿ ಗುಂಡಿ ಒತ್ತಿ ಒತ್ತಿ ಸ್ಪೀಕರ್ ಬದಲಿಸುತ್ತಾರೆ. ಎರಡರಲ್ಲಿ ಯಾವುದು ಒಂದಿಷ್ಟು ಹೆಚ್ಚು ಸದ್ದು ಮಾಡುತ್ತದೋ ಕಿವಿ ಅದನ್ನೇ ಚೆನ್ನಾಗಿದೆ ಎನ್ನುತ್ತದೆ. ಒಂದು ಡೆಸಿಬೆಲ್ ಸಾಕು ಈ ಮೋಸಕ್ಕೆ. ಪ್ರತಿ ಸಲ ಬದಲಿಸಿದಾಗಲೂ ವಾಲ್ಯೂಮ್ ತಿರುಗಿಸಿ ಎರಡನ್ನೂ ಸಮ ಮಾಡಿಸಿ, ಆಮೇಲೆ ತೀರ್ಮಾನ ಹೇಳಿ. ಬೇಸ್, ಟ್ರೆಬಲ್, ಲೌಡ್‌ನೆಸ್ ಎಲ್ಲವನ್ನೂ ಸೊನ್ನೆಗೆ ತರಿಸಿ. ಅಂಗಡಿಯವರ ಪೆನ್‌ಡ್ರೈವ್ ಬೇಡ, ನಿಮಗೆ ಬಾಯಿಪಾಠವಾದ ಹಾಡು ತೆಗೆದುಕೊಂಡು ಹೋಗಿ.

ಯಕ್ಷಗಾನದ ಒಂದು ಒಳ್ಳೆಯ ಧ್ವನಿಮುದ್ರಿಕೆ ಇದ್ದರೆ ಪರೀಕ್ಷೆಗೆ ಬೇರೇನೂ ಬೇಕಿಲ್ಲ. ಚಂಡೆಯ ಪೆಟ್ಟು ಚುರುಕಾಗಿ ಬಂದು ತಟ್ಟನೆ ನಿಲ್ಲಬೇಕು. ಹಿಂದೆ ಬಾಲ ಎಳೆದರೆ ಏರುದನಿಯ ಪುಟ್ಟ ಸ್ಪೀಕರಾದ ಟ್ವೀಟರ್‌ನದೋ, ಕಾರಿನಲ್ಲಾದರೆ ಬಾಗಿಲಿನದೋ ದೋಷ. ಚಂಡೆ ಬಿರುಸಾದಾಗಲೂ ಮದ್ದಳೆ ಕೇಳುತ್ತಿರಬೇಕು, ಭಾಗವತರ ಅಕ್ಷರ ಬಿಡಿಬಿಡಿಯಾಗಿರಬೇಕು. ಕಛೇರಿ ಕೇಳುವವರು ತನಿ ಆವರ್ತನ ಹಾಕಿ: ಮೃದಂಗದ ಎಡಗಡೆಯ ಗುಮಕಿಗೆ ಒಂದು ಸ್ವರ ಇದೆ, ಅದು ಬರೀ ‘ದಬ್’ ಆಗಬಾರದು. ಸಿನಿಮಾ ಹಾಡೇ ಬೇಕೆನ್ನುವವರಿಗೆ 1981ರ ‘ಗೀತಾ’ ಇದೆ. ಇಳಯರಾಜ ಅವರ ಬೇಸ್ ಗಿಟಾರ್ ತಾಳ ಹಿಡಿದು ಕೂರುವುದಿಲ್ಲ, ತನ್ನದೇ ಒಂದು ರಾಗ ನುಡಿಸುತ್ತ ಹೋಗುತ್ತದೆ. ಆ ರಾಗವನ್ನು ನೀವು ಗುನುಗಲು ಸಾಧ್ಯವಾದರೆ ಸ್ಪೀಕರ್ ಪಾಸು. ಈಗ ವಾಲ್ಯೂಮ್ ಏರಿಸಿ. ಒಳ್ಳೆಯ ಜೋರಿನ ಗುರುತು ಇಷ್ಟೇ: ದೊಡ್ಡದಾಗುತ್ತದೆ, ಬದಲಾಗುವುದಿಲ್ಲ. ಹೆಣ್ಣುದನಿ ಕೀರಲಾಯಿತು, ‘ಸ’ ‘ಶ’ಗಳು ಕಿವಿ ಚುಚ್ಚಿದವು ಎಂದರೆ ಅದರ ಮಿತಿ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಆರಿಸಿ ತಂದದ್ದನ್ನು ಕೂರಿಸುವ ಜಾಗ ಮಾತ್ರ ಸಂಗೀತಕ್ಕಾಗಿ ಮಾಡಿದ್ದಲ್ಲ. ಕಾರಿನ ಬಾಗಿಲೆಂದರೆ ತೆಳು ತಗಡು, ಒಳಗೆ ಗಾಜು ಇಳಿಸುವ ಯಂತ್ರ, ಅಲ್ಲಲ್ಲಿ ಅಂಗೈಯಗಲದ ತೂತು. ಸ್ಪೀಕರ್ ಕೋನ್ ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತದೋ ಅಷ್ಟನ್ನೇ ಹಿಂದಕ್ಕೆ ಎಳೆಯುತ್ತದೆ. ಹಿಂಬದಿಯ ಅಲೆ ಆ ತೂತುಗಳಿಂದ ನುಸುಳಿ ಮುಂಬದಿಯದಕ್ಕೆ ಸೇರಿದರೆ ಒಂದನ್ನೊಂದು ನುಂಗಿಹಾಕುತ್ತವೆ, ಮೊದಲು ಮಾಯವಾಗುವುದು ಬೇಸ್. ಬ್ಯುಟೈಲ್ ರಬ್ಬರಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಡ್ಯಾಂಪಿಂಗ್ ಶೀಟ್ ಸಿಗುತ್ತದೆ. ಅದನ್ನು ಹೊರತಗಡಿನ ಒಳಮೈಗೆ ಅಂಟಿಸಿ, ಒಳತಗಡಿನ ತೂತುಗಳನ್ನು ಮುಚ್ಚಿಸಿ, ಸ್ಪೀಕರ್ ಮತ್ತು ತಗಡಿನ ನಡುವೆ ಗಟ್ಟಿ ರಿಂಗ್ ಹಾಕಿಸಿ. ಬಾಗಿಲಿನ ತಳದಲ್ಲಿ ಮಳೆನೀರು ಇಳಿಯುವ ಸಣ್ಣ ಕಿಂಡಿಗಳಿವೆ, ಅವನ್ನು ಮಾತ್ರ ಮುಚ್ಚಬಾರದು. ನೀರು ನಿಂತು ತುಕ್ಕು ಹಿಡಿಯುತ್ತದೆ. ನನ್ನನ್ನು ಕೇಳಿದರೆ, ಮಧ್ಯಮ ದರ್ಜೆಯ ಸ್ಪೀಕರ್ ಮತ್ತು ಭದ್ರ ಬಾಗಿಲಿನ ಜೋಡಿ, ದುಬಾರಿ ಸ್ಪೀಕರ್ ಮತ್ತು ಟೊಳ್ಳು ಬಾಗಿಲಿನ ಜೋಡಿಗಿಂತ ಎಷ್ಟೋ ಮೇಲು. ಹಿಂಬಾಗಿಲಿನ ಸ್ಪೀಕರ್ ಬದಲಿಸುವ ಹಣವನ್ನೂ ಮುಂಬಾಗಿಲಿಗೇ ಹಾಕಿ. ವೇದಿಕೆ ಇರಬೇಕಾದದ್ದು ಕೇಳುವವರ ಎದುರಿಗೆ, ಬೆನ್ನ ಹಿಂದಲ್ಲ.

ಕೋಆಕ್ಸಿಯಲ್ ಎಂದರೆ ಟ್ವೀಟರ್ ನಡುವಲ್ಲೇ ಇರುವ ಒಂಟಿ ಸ್ಪೀಕರ್. ಬಾಗಿಲಿನ ಕೆಳಗೆ ಕೂರುವುದರಿಂದ ಹಾಡು ಮೊಣಕಾಲಿನ ಮಟ್ಟದಲ್ಲಿ ಕೇಳಿಸುತ್ತದೆ. ಕಾಂಪೊನೆಂಟ್ ಸೆಟ್ಟಿನಲ್ಲಿ ಟ್ವೀಟರ್ ಬೇರೆ, ಅದನ್ನು ಮೇಲೆ ಕನ್ನಡಿಯ ಬಳಿ ಕೂರಿಸಬಹುದು. ಮುಂದಕ್ಕೆ ಕಾಂಪೊನೆಂಟೇ ಸರಿ.

ಫಿಟ್ಟಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಕಂಪನಿಯ ವೈರ್ ಕತ್ತರಿಸದೆ ಕಪ್ಲರ್ ಹಾಕಿಸಿ. ಪ್ಲಸ್ ಮೈನಸ್ ಒಂದು ಕಡೆ ಅದಲುಬದಲಾದರೆ ಎಡ ಬಲ ಕೋನ್‌ಗಳು ಎದುರುಬದುರು ಅಲುಗಿ ಬೇಸ್ ಕಳೆದುಹೋಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಚದುರುತ್ತದೆ. ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ಲನ್ನು ಪ್ಲಸ್‌ಗೆ ಪ್ಲಸ್ ಸೇರಿಸಿ ಕ್ಷಣ ಮುಟ್ಟಿಸಿದರೆ ಕೋನ್ ಹೊರಕ್ಕೆ ಚಿಮ್ಮಬೇಕು. ಆಂಪ್ಲಿಫೈಯರ್ ಹಾಕಿಸಿದರೆ ಬ್ಯಾಟರಿಯಿಂದ ಬರುವ ವೈರಿಗೆ ಬ್ಯಾಟರಿಯ ಹತ್ತಿರವೇ, ಹೆಚ್ಚೆಂದರೆ ಒಂದೂವರೆ ಅಡಿಯೊಳಗೆ, ಫ್ಯೂಸ್ ಇರಲೇಬೇಕು. ಬೆಂಕಿಯ ವಿಷಯ, ಇಲ್ಲಿ ಉಳಿತಾಯ ಬೇಡ. ಅರ್ಥ್ ವೈರನ್ನು ಬಣ್ಣ ಕೆರೆದ ತಗಡಿಗೆ ಬಿಗಿಸಬೇಕು; ಇಲ್ಲವಾದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ‘ಕುಂಯ್’ ಎನ್ನುವ ರಾಗ ಏರುತ್ತ ಹೋದೀತು.

ಆಂಪ್ಲಿಫೈಯರಿನ ಮೇಲಿರುವ ಗೇನ್ ಎಂಬ ತಿರುಪಣಿಯನ್ನು ಎಲ್ಲರೂ ಇನ್ನೊಂದು ವಾಲ್ಯೂಮ್ ಎಂದುಕೊಳ್ಳುತ್ತಾರೆ. ಸ್ಟೀರಿಯೋದ ಸಂಕೇತಕ್ಕೂ ಆಂಪ್ಲಿಫೈಯರಿಗೂ ಹೊಂದಾಣಿಕೆ ಮಾಡುವುದಷ್ಟೇ ಅದರ ಕೆಲಸ. ಸ್ಟೀರಿಯೋವನ್ನು ಮುಕ್ಕಾಲು ಭಾಗ ಏರಿಸಿ, ಗೇನನ್ನು ಸೊನ್ನೆಯಿಂದ ನಿಧಾನ ತಿರುಗಿಸುತ್ತ ಬನ್ನಿ. ದನಿ ಒಡೆಯಿತು ಎನಿಸಿದಲ್ಲಿ ತುಸು ಹಿಂದಕ್ಕೆ ತಂದು ಬಿಡಿ. ಅದನ್ನು ಮೀರಿಸಿದರೆ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ, ಟ್ವೀಟರ್ ಸುಡುವುದು ಬಹುಮಟ್ಟಿಗೆ ಹೀಗೆಯೇ. ಆಮೇಲೆ, ಕೆಳಗಿನ ನಾದವನ್ನು ತಡೆಯುವ ಹೈಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಡಿ. ನಾದ ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಸದ್ದಿಗೆ ಕೋನ್ ನಾಲ್ಕು ಪಟ್ಟು ಅಲುಗಬೇಕಾಗುತ್ತದೆ. ಆ ಹೊರೆ ಇಳಿಸಿದ ಕೂಡಲೇ ಬಾಗಿಲ ಸ್ಪೀಕರ್ ಇನ್ನಷ್ಟು ಏರಿಸಿದರೂ ಒಡೆಯುವುದಿಲ್ಲ. ಕಾಸಿಲ್ಲದೆ ಸಿಗುವ ಜೋರು ಇದು.

ಕೆಳಗಿನ ಆ ಒಂದು ಸ್ಥಾಯಿಗೆ ಡಿಕ್ಕಿಯಲ್ಲಿ ಊಫರ್ ಬೇಕು. ಡೊಳ್ಳಿನ ಎದೆ ನಡುಗಿಸುವ ಗುಣ ಬರುವುದು ಅದರಿಂದಲೇ. ಮುಚ್ಚಿದ ಪೆಟ್ಟಿಗೆ ಬಿಗಿ ದನಿಯದು; ಗಾಳಿಕಿಂಡಿ (ಪೋರ್ಟ್) ಇರುವ ಪೆಟ್ಟಿಗೆ ಹೆಚ್ಚು ಗುಡುಗುತ್ತದೆ. ಹಾಡು ಕೇಳುವವರಿಗೆ ಮುಚ್ಚಿದ್ದೇ ಇರಲಿ. ಕೊನೆಗೆ ಟೈಮ್ ಅಲೈನ್‌ಮೆಂಟ್: ನಮ್ಮಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಬಲಬಾಗಿಲಿನ ಸದ್ದು ಮೊದಲು ತಲುಪುತ್ತದೆ. ಅರ್ಧ ಮೀಟರ್ ಅಂತರಕ್ಕೆ ಸುಮಾರು ಒಂದೂವರೆ ಮಿಲಿಸೆಕೆಂಡ್. ಸ್ಟೀರಿಯೋದಲ್ಲಿ ಆ ಸೌಲಭ್ಯ ಇದ್ದರೆ ಬಲಗಡೆಯದನ್ನು ಅಷ್ಟು ತಡಮಾಡಿಸಿ. ಗಾಯಕರು ಬಾಗಿಲು ಬಿಟ್ಟು ಡ್ಯಾಶ್‌ಬೋರ್ಡಿನ ಮೇಲೆ ಬಂದು ನಿಲ್ಲುತ್ತಾರೆ.

ಸ್ವಚ್ಛವಾದ ಜೋರಿನಲ್ಲಿ ಒಂದು ಅಪಾಯವಿದೆ. ಒಡೆದ ಸದ್ದನ್ನು ಕಿವಿ ತಾನೇ ಬೇಡ ಎನ್ನುತ್ತದೆ, ಸ್ವಚ್ಛ ಸದ್ದು ಎಷ್ಟು ಏರಿತೆಂಬುದೇ ಗೊತ್ತಾಗುವುದಿಲ್ಲ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಎಂಬುದು ರೂಢಿಯಲ್ಲಿರುವ ಮಿತಿ, ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ಎಂದರೆ ಕಾಲು ಗಂಟೆ, ಅಷ್ಟೇ. ಇನ್ನು, ರಾತ್ರಿ ನಿಮ್ಮ ಬೀದಿಗೆ ತಿರುಗುವ ಮೊದಲು ಊಫರನ್ನು ಇಳಿಸಿಬಿಡಿ. ಗಾಜು ಏರಿಸಿದರೆ ಹಾಡು ಒಳಗೇ ಉಳಿದೀತು, ಬೇಸ್ ಮಾತ್ರ ಕಾರಿನ ತಗಡನ್ನೂ ಪಕ್ಕದ ಮನೆಯ ಗೋಡೆಯನ್ನೂ ದಾಟಿ ಹೋಗುತ್ತದೆ.