ಎರಡಾಟದ ಪರೀಕ್ಷೆಯಲ್ಲಿ ಸಿಐಡಿ 999

ರಾಜ್‌ಕುಮಾರ್ ಅವರ ಸಿಐಡಿ 999 ಚಿತ್ರಗಳು ಒಟ್ಟು ನಾಲ್ಕು: ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿಐಡಿ 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ (1969), ಒಂಬತ್ತು ವರ್ಷ ಕಳೆದ ಮೇಲೆ ‘ಆಪರೇಷನ್ ಡೈಮಂಡ್ ರಾಕೆಟ್’ (1978). ನಾಲ್ಕಕ್ಕೂ ನಿರ್ದೇಶಕರು ದೊರೈ–ಭಗವಾನ್, ಸಂಗೀತ ಜಿ.ಕೆ. ವೆಂಕಟೇಶ್ ಅವರದು. 1970ರ ‘ಸಿಐಡಿ ರಾಜಣ್ಣ’ ಹೆಸರಿನಿಂದ ಹತ್ತಿರದ ನಂಟನಂತೆ ಕಂಡರೂ ಈ ಬಳಗಕ್ಕೆ ಸೇರಿದ್ದಲ್ಲ.

ಈ ಚಿತ್ರಗಳ ಬಗ್ಗೆ ನಮ್ಮಲ್ಲಿ ಎರಡೇ ಮಾತು ಚಾಲ್ತಿಯಲ್ಲಿವೆ. ‘ಅಣ್ಣಾವ್ರು ಕನ್ನಡದ ಜೇಮ್ಸ್ ಬಾಂಡ್’ ಎಂಬ ಅಭಿಮಾನ ಒಂದು. ‘ಇಂಗ್ಲಿಷಿನ ನಕಲು’ ಎಂಬ ತಾತ್ಸಾರ ಇನ್ನೊಂದು. ಚಿತ್ರ ನೋಡದೆಯೂ ಈ ಎರಡನ್ನೂ ಆಡಬಹುದು. ಒಂದೇ ದಿನ ಎರಡು ಚಿತ್ರಗಳನ್ನು ಬೆನ್ನುಬೆನ್ನಿಗೆ ನೋಡಿದರೆ ಮಾತ್ರ ಯಾವುದು ಪರಂಪರೆ, ಯಾವುದು ಬರೀ ಪುನರಾವರ್ತನೆ ಎಂಬುದು ಬೇರ್ಪಡುತ್ತದೆ. ಆದ್ದರಿಂದ ಯಾವುದರ ಜತೆ ಯಾವುದನ್ನು ನೋಡಬೇಕು ಎಂಬುದು ಹವ್ಯಾಸಿಗಳ ಆಟದಂತೆ ಕಂಡರೂ ಅದು ವಿಮರ್ಶೆಯ ಪ್ರಶ್ನೆಯೇ.

ಮೊದಲು ಈ ಪತ್ತೇದಾರನ ಮೂಲ ನೋಡೋಣ. ಮೊದಲ ಬಾಂಡ್ ಚಿತ್ರ ‘ಡಾ. ನೋ’ ಬಂದದ್ದು 1962ರಲ್ಲಿ. ತೆಲುಗಿನಲ್ಲಿ ‘ಗೂಢಚಾರಿ 116’ 1966ಕ್ಕೇ ಬಂತು, ಹಿಂದಿಯಲ್ಲಿ ‘ಫರ್ಜ್’ ಮರುವರ್ಷ. ಕನ್ನಡ ಸಾಲಿನಲ್ಲಿ ಹಿಂದೆಯೇ ಇತ್ತು. ಆದರೆ ಬೆಂಗಳೂರಿನ ಕತೆಗೆ ಇನ್ನೊಂದು ಮಗ್ಗುಲಿದೆ. ಆಗ ಇಂಗ್ಲಿಷ್ ಚಿತ್ರಗಳ ನೆಲೆ ದಂಡುಪ್ರದೇಶದ ಪ್ಲಾಜಾ, ರೆಕ್ಸ್. ಕನ್ನಡ ಚಿತ್ರಗಳ ನೆಲೆ ಮೆಜೆಸ್ಟಿಕ್ ಸುತ್ತಲಿನ ಟಾಕೀಸುಗಳು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹುಡುಗರಿಗೆ ಬಾಂಡ್ ಸಿಗುತ್ತಿದ್ದದ್ದು ಊರಿನ ಆಚೆ ದಡದಲ್ಲಿ, ಅದೂ ಅರ್ಧಕ್ಕರ್ಧ ಅರ್ಥವಾಗುವ ಭಾಷೆಯಲ್ಲಿ. ಈಚೆ ದಡದಲ್ಲಿ ಅವರ ಕೈಗೆ ಸಿಗುತ್ತಿದ್ದವನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರ ಪುಸ್ತಕಗಳು ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಓಡಾಡಿ ರಟ್ಟು ಕಿತ್ತುಹೋಗುತ್ತಿದ್ದವು.

ಅದೇ ಕಾಲದ ಕನ್ನಡ ಚಳವಳಿಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಚಾಮರಾಜಪೇಟೆಯ ರಾಮೋತ್ಸವದ ಸಂಗೀತ ಕಚೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಸ್ಥಾನ ಬೇಕೆಂದು ಅ.ನ.ಕೃ. 1962ರಲ್ಲಿ ದನಿಯೆತ್ತಿದರು. ಅದೇ ಬಳಗ ಡಬ್ಬಿಂಗ್ ಚಿತ್ರಗಳನ್ನೂ ವಿರೋಧಿಸಿತು. ರಾಜ್‌ಕುಮಾರ್ ಅದರ ಜತೆಗಿದ್ದರು. ಚಳವಳಿಯ ಮುಂಚೂಣಿಯಲ್ಲಿದ್ದ ಮ. ರಾಮಮೂರ್ತಿ ಸ್ವತಃ ಪತ್ತೇದಾರಿ ಕಾದಂಬರಿಕಾರರು. ಡಬ್ಬಿಂಗ್ ಬೇಡವೆಂದ ಮೇಲೆ ಜನರಿಗೆ ಬೇಕಾದ ಎಲ್ಲವನ್ನೂ ಕನ್ನಡದಲ್ಲೇ ಮಾಡಿಕೊಡುವ ಹೊಣೆ ಹೆಗಲೇರುತ್ತದೆ. ಪುರಾಣ, ಇತಿಹಾಸ, ಸಂಸಾರ ಆಗಿತ್ತು. ಪಿಸ್ತೂಲು, ಕ್ಲಬ್ಬು, ಗುಪ್ತ ಅಡ್ಡೆ ಉಳಿದಿತ್ತು. ‘ಜೇಡರ ಬಲೆ’ ತುಂಬಿದ್ದು ಆ ಖಾಲಿ ಜಾಗವನ್ನು.

ಹಾಗಾಗಿ 999ರ ಹಿರಿಯಣ್ಣ 007 ಅಲ್ಲ, ಪುರುಷೋತ್ತಮ. ಬಾಂಡ್ ಪರದೇಶಗಳಲ್ಲಿ ಕೆಲಸ ಮಾಡುವ ಗೂಢಚಾರ. ಅವನ ಬೆನ್ನಿಗೆ ಶೀತಲ ಸಮರವಿತ್ತು. ನಮ್ಮ 999, ಪಾತ್ರದ ಹೆಸರು ಪ್ರಕಾಶ್, ಸಿಐಡಿ, ಅಂದರೆ ಪೊಲೀಸ್ ಇಲಾಖೆಯ ಮನುಷ್ಯ. ಅಲಿಪ್ತ ನೀತಿಯ ದೇಶದಲ್ಲಿ ಅವನಿಗೆ ಹಗೆಯಾಗಿ ಇನ್ನೊಂದು ರಾಷ್ಟ್ರ ಸಿಗುವಂತಿರಲಿಲ್ಲ, ಸಿಕ್ಕವನು ಕಳ್ಳಸಾಗಾಣಿಕೆಯವನು. ಚಿನ್ನ ನಿಯಂತ್ರಣ ಕಾಯಿದೆ ಬಂದದ್ದೂ 1968ರಲ್ಲೇ. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ ಆಗ ಏಳು ವರ್ಷವೂ ತುಂಬಿರಲಿಲ್ಲ. ಅಲ್ಲಿಗೆ ಪತ್ತೇದಾರನನ್ನು ಅಟ್ಟಿದ್ದು ಕಡಲತೀರದ ಸೊಬಗಿಗಷ್ಟೇ ಅಲ್ಲ. ದೇಶದೊಳಗೇ ಇದ್ದೂ ಪರದೇಶದಂತೆ ಕಾಣುವ ಊರು ಆಗ ಅದೊಂದೇ.

ಈಗ ಜೋಡಿಗಳಿಗೆ ಬರೋಣ. ‘ಗೋವಾದಲ್ಲಿ’ ಮತ್ತು ‘ಜಾಕ್‌ಪಾಟ್’ ಎರಡನ್ನೂ ಒಟ್ಟಿಗೆ ನೋಡಬೇಡಿ. ಸರಣಿಯ ಸೂತ್ರ ಬೇಸರ ತರಿಸುವುದು ಅಲ್ಲೇ. ಮೊದಲನೆಯದು ಲಕ್ಷ್ಮಿಯವರನ್ನು ಕನ್ನಡಕ್ಕೆ ತಂದಿತು. ಎರಡನೆಯದು ಮುಂದೆ ಹಿಂದಿಯಲ್ಲಿ ಮೆರೆದ ರೇಖಾರನ್ನು ನಾಯಕಿಯನ್ನಾಗಿಸಿತು. ಬಾಗಿಲು ತೆರೆದದ್ದು ನಿಜ, ಒಳಗೆ ಕೂಡಿಸಲು ಜಾಗವಿರಲಿಲ್ಲ. ಜಯಂತಿ, ಲಕ್ಷ್ಮಿ, ರೇಖಾ, ಪದ್ಮಪ್ರಿಯ: ಚಿತ್ರಕ್ಕೊಬ್ಬ ನಾಯಕಿ, ಯಾರೂ ಮರಳುವುದಿಲ್ಲ. ಬಾಂಡ್‌ನಿಂದ ಪಡೆದ ಸಾಲಗಳಲ್ಲಿ ತೀರಿಸದೆ ಉಳಿದದ್ದು ಇದು.

‘ಜೇಡರ ಬಲೆ’ಯನ್ನು ಅದೇ ವರ್ಷದ ‘ಹಣ್ಣೆಲೆ ಚಿಗುರಿದಾಗ’ ಜತೆ ಇಟ್ಟು ನೋಡಿ. ಒಂದರಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ತ್ರಿವೇಣಿಯವರ ಕಾದಂಬರಿ. ಎರಡನ್ನೂ ಅದೇ ಟಾಕೀಸುಗಳಿಗೆ ಬರುವ ಅದೇ ಮನೆಮಂದಿ ನೋಡಬೇಕಿತ್ತು. ಸೂಟು ಹಾಕಿದರೂ ರಾಜ್ ಪಂಚೆಯ ಮರ್ಯಾದೆ ಬಿಟ್ಟುಕೊಡಲಿಲ್ಲ ಏಕೆಂಬುದು ಆಗ ತಿಳಿಯುತ್ತದೆ. ಬಾಂಡ್‌ನ ಸೊಗಸು ಅವನ ಚಟಗಳಲ್ಲಿದೆ. 999ರದು ಅವನ ನಡತೆಯಲ್ಲಿ. ಅದು ಆತನ ಶಕ್ತಿ. ದೋಷವೂ ಅದೇ: ಎಡವುವ ಭಯವೇ ಇಲ್ಲದ ನಾಯಕನ ಅಪಾಯಗಳನ್ನು ನಾವು ನಂಬುವುದು ಕಷ್ಟ.

ಎಲ್ಲಕ್ಕಿಂತ ಒಳ್ಳೆಯ ಜೋಡಿ ಮೊದಲನೆಯದು ಮತ್ತು ಕೊನೆಯದು. ‘ಜೇಡರ ಬಲೆ’ ಕಪ್ಪು-ಬಿಳುಪು. ‘ಡೈಮಂಡ್ ರಾಕೆಟ್’ ವರ್ಣಚಿತ್ರ, ಹಿನ್ನೆಲೆ ನೇಪಾಳಕ್ಕೆ ಚಾಚಿಕೊಂಡಿದೆ. ನಿರ್ದೇಶಕ ಜೋಡಿಯ ದೊರೈರಾಜ್ ಮೂಲತಃ ಛಾಯಾಗ್ರಾಹಕರು. ಹಳೆಯ ಚಿತ್ರದಲ್ಲಿ ನೆರಳೇ ಅರ್ಧ ಕತೆ ಹೇಳುತ್ತದೆ; ಬಣ್ಣ ಬಂದ ಮೇಲೆ ಅದು ಹೇಳಬೇಕಾದ್ದನ್ನು ಪ್ರವಾಸದ ದೃಶ್ಯ ನುಂಗಿಹಾಕುತ್ತದೆ. ನಡುವಿನ ಹತ್ತು ವರ್ಷದಲ್ಲಿ ಇದೇ ನಿರ್ದೇಶಕರು ‘ಕಸ್ತೂರಿ ನಿವಾಸ’ (1971), ‘ಎರಡು ಕನಸು’ (1974) ಮಾಡಿ ಮುಗಿಸಿದ್ದರು. ಮನಸ್ಸು ಆ ಕಡೆ ವಾಲಿತ್ತು. 999 ಹಳೆಯ ನೆಂಟಸ್ತಿಕೆಯಷ್ಟೇ ಆಗಿತ್ತು.

ಆದರೂ 1978ರ ಚಿತ್ರಕ್ಕೆ ಒಂದು ದೊಡ್ಡ ಗಳಿಕೆಯಿದೆ. 1974ರ ‘ಸಂಪತ್ತಿಗೆ ಸವಾಲ್’ ಬರುವ ತನಕ ಅಣ್ಣಾವ್ರ ತುಟಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ದನಿ. ‘ಡೈಮಂಡ್ ರಾಕೆಟ್’ನಲ್ಲಿ ಅಣ್ಣಾವ್ರೇ ಹಾಡುತ್ತಾರೆ, ಅದೂ ಇಂಗ್ಲಿಷಿನಲ್ಲಿ! ಆ ಹಾಡು ಈಗ ಮೊಬೈಲಿನಲ್ಲಿ ನಗೆಯ ತುಣುಕಾಗಿ ಓಡಾಡುತ್ತದೆ. ಕಿವಿಗೊಟ್ಟು ಕೇಳಿ: ಗಡಿಯಾರದ ಸದ್ದನ್ನು ಬಾಯಲ್ಲೇ ನುಡಿಸುವಾಗ ತಾಳ ಒಂದಿಷ್ಟೂ ಜಾರುವುದಿಲ್ಲ, ಒಂದಕ್ಷರವನ್ನೂ ನುಂಗುವುದಿಲ್ಲ, ಪಶ್ಚಿಮದವರಂತೆ ನಾಲಿಗೆ ತಿರುಚುವುದಿಲ್ಲ. ಗುಬ್ಬಿ ಕಂಪನಿಯಲ್ಲಿ ಕೊನೆಯ ಸಾಲಿಗೂ ಕೇಳುವಂತೆ ಮಾತಾಡಲು ಕಲಿತ ನಟ ಇಂಗ್ಲಿಷನ್ನೂ ಹಾಗೇ ಹೇಳುತ್ತಾರೆ. ಬಾಂಡ್‌ನನ್ನು ಅನುಕರಿಸಲು ಹೊರಟ ಸರಣಿ ಕೊನೆಗೆ ಇಂಗ್ಲಿಷನ್ನೇ ಕಂಪನಿ ನಾಟಕದ ಶಿಸ್ತಿಗೆ ಒಗ್ಗಿಸಿದ ಜಾಗ ಇದು. ನಗುವವರು ನಗಲಿ, ಆದರೆ ನಗಬೇಕಾದ ಕಾರಣ ಉಚ್ಚಾರಣೆಯಲ್ಲಿ ಇಲ್ಲ.

ಹಾಗಾದರೆ ಇದು ಪರಂಪರೆಯೇ? ಅಲ್ಲ. ಪರಂಪರೆಯಾಗಲು ನಟ ಬದಲಾದರೂ ಪಾತ್ರ ಉಳಿಯಬೇಕು. ಶಾನ್ ಕಾನರಿ ಬಿಟ್ಟುಹೋದ ಮೇಲೂ 007 ಬದುಕಿದ. ರಾಜ್‌ಕುಮಾರ್ ಬಿಟ್ಟಾಗ 999 ಅಲ್ಲಿಗೇ ಮುಗಿದ. ಇದು ಒಬ್ಬ ನಟನ ನಾಲ್ಕು ಮುಖಗಳ ಸರಣಿ. ಅದರ ಬೆಲೆಯೂ ಅಷ್ಟೇ, ಆದರೆ ಆ ಬೆಲೆ ಸಣ್ಣದಲ್ಲ. ಮೊದಲು ‘ಜೇಡರ ಬಲೆ’, ಊಟ ಮುಗಿಸಿ ‘ಡೈಮಂಡ್ ರಾಕೆಟ್’. ಉಳಿದೆರಡಕ್ಕೆ ಬೇರೆ ಬೇರೆ ಭಾನುವಾರಗಳಿರಲಿ. ನಮ್ಮ ಚಿತ್ರಸಮಾಜಗಳು, ಚಿತ್ರೋತ್ಸವಗಳು ಈ ಜೋಡಿಯನ್ನು ದೊಡ್ಡ ಪರದೆಯ ಮೇಲೆ ಒಮ್ಮೆಯಾದರೂ ತೋರಿಸಲಿ.