ದಿನಕ್ಕೊಂದು ಪಟ

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗರ್ಭಗುಡಿಯ ಹಿಂಬದಿಗೆ ಹೋದರೆ ಮಬ್ಬುಗತ್ತಲೆಯ ಒಂದು ಕೋಣೆ ಸಿಗುತ್ತದೆ. ಅದರ ಸಣ್ಣ ಕಿಂಡಿಯಿಂದ ಒಳಬರುವ ಬೆಳಕು ಎದುರಿನ ಗೋಡೆಯ ಮೇಲೆ ದೊಡ್ಡ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಜನ ಬರುತ್ತಾರೆ, ಅಚ್ಚರಿಪಡುತ್ತಾರೆ, ಮೊಬೈಲಿನಲ್ಲಿ ಅದರದೊಂದು ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಅಲ್ಲಿ ಲೆನ್ಸ್ ಇಲ್ಲ, ಫಿಲ್ಮ್ ಇಲ್ಲ, ಗುಂಡಿ ಒತ್ತುವವರೂ ಇಲ್ಲ. ಬಿಸಿಲಿರುವ ದಿನವೆಲ್ಲ ಆ ಗೋಡೆ ತನ್ನ ಪಾಡಿಗೆ ಒಂದು ಚಿತ್ರ ಬರೆದುಕೊಳ್ಳುತ್ತದೆ. ಮೋಡ ಬಂದರೆ ಅದು ಮಸುಕಾಗುತ್ತದೆ, ಮೋಡ ಸರಿದರೆ ತಿಳಿಯಾಗುತ್ತದೆ, ಕತ್ತಲಾದರೆ ಗೋಡೆಯಷ್ಟೇ ಉಳಿಯುತ್ತದೆ. ದಿನಕ್ಕೊಂದು ಫೋಟೊ ತೆಗೆಯುವ ಹುಚ್ಚು ಹತ್ತಿದವರಿಗೆ ಅಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕೆನಿಸುತ್ತದೆ. ಅವರ ಹವ್ಯಾಸದ ಸಾರವೆಲ್ಲ ಆ ಗೋಡೆಯ ಮೇಲಿದೆ: ಕಿಂಡಿ ಒಂದೇ, ಬೆಳಕು ಮಾತ್ರ ದಿನವೂ ಬೇರೆ.

ಈ ಹವ್ಯಾಸದ ಕಟ್ಟಳೆ ಬಹಳ ಸರಳ. ದಿನಕ್ಕೊಂದು ಪಟ ತೆಗೆಯಬೇಕು, ಅದನ್ನು ಅಂದೇ ತಿದ್ದಿ ಇಡಬೇಕು, ಅಷ್ಟೇ. ಅದಕ್ಕೆ ಹುಲಿ ಬೇಕಿಲ್ಲ, ಜಾತ್ರೆ ಬೇಕಿಲ್ಲ, ಜಲಪಾತವೂ ಬೇಕಿಲ್ಲ. ಮೊದಮೊದಲು ಅಂಗಳದ ದಾಸವಾಳ, ಕಾಂಪೌಂಡಿನ ಮೇಲೆ ಮಲಗಿದ ಬೆಕ್ಕು, ಹಬೆಯಾಡುವ ಕಾಫಿ ಲೋಟ, ತಾರಸಿಯಿಂದ ಕಂಡ ಸೂರ್ಯಾಸ್ತ ಇವೆಲ್ಲ ಸಾಲುಗಟ್ಟಿ ಬರುತ್ತವೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಚೆಂದದ್ದೆಲ್ಲ ಮುಗಿದುಹೋಗುತ್ತದೆ. ಬಹಳ ಮಂದಿ ಕೈಬಿಡುವುದು ಅಲ್ಲೇ. ಬಿಡದವರಿಗೆ ರುಚಿ ಶುರುವಾಗುವುದೂ ಅಲ್ಲಿಂದಲೇ. ತೆಗೆಯಲು ಏನೂ ಉಳಿದಿಲ್ಲ ಅನ್ನಿಸಿದ ದಿನ ಕಣ್ಣು ವಸ್ತುವನ್ನು ಬಿಟ್ಟು ಅದರ ಮೇಲೆ ಬಿದ್ದ ಬೆಳಕಿನ ಕಡೆ ಹೊರಳುತ್ತದೆ. ನಿನ್ನೆ ತೆಗೆದ ಅದೇ ತಾಮ್ರದ ಕೊಡ ಇಂದೂ ಅಲ್ಲೇ ಇದೆ. ಆದರೆ ಇಂದು ಅದರ ಹೊಟ್ಟೆಯ ಉಬ್ಬಿನಲ್ಲಿ ಕಿಟಕಿಯ ಸರಳುಗಳು ಬಾಗಿ ನಿಂತಿವೆ, ಕೊರಳ ಕೆಳಗೆ ಹುಣಸೆಹಣ್ಣು ತಾಗದೆ ಉಳಿದ ಕಪ್ಪು ಒಂದು ಗೆರೆಯಾಗಿದೆ. ಕೊಡ ಬರೀ ನೆಪ.

ಬೆಳಕನ್ನು ಹೀಗೆ ನೋಡಲು ನಮ್ಮ ಹಳೆಯ ಮನೆಗಳಿಗಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ. ಧಾರವಾಡ, ವಿಜಯಪುರದ ಕಡೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇದೆ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಕೆಂಪು ಹೆಂಚುಗಳ ನಡುವೆ ಒಂದೋ ಎರಡೋ ಗಾಜಿನ ಹೆಂಚು ಇರುತ್ತವೆ. ಬೆಳಗಿನ ಒಲೆಯ ಹೊಗೆ ಮೇಲೇರಿದಾಗ ಅಲ್ಲಿಂದ ಇಳಿದ ಬಿಸಿಲಿಗೆ ಒಂದು ಮೈ ಬರುತ್ತದೆ. ಅದು ಕೋಲಾಗಿ ಓರೆ ನಿಂತು, ಗೋಡೆಯಿಂದ ಜಾರಿ, ನೆಲ ದಾಟಿ, ಹೊತ್ತು ಏರಿದಂತೆ ಇನ್ನೊಂದು ಮೂಲೆ ಸೇರುತ್ತದೆ. ಹೆಂಚಿನ ಸಂದಿಯಿಂದ ನೆಲಕ್ಕೆ ಬೀಳುವ ಸಣ್ಣ ಬೆಳಕಿನ ಬಿಲ್ಲೆಗಳದು ಇನ್ನೊಂದು ಸೊಗಸು. ಸಂದಿ ಎಂಥ ಆಕಾರದ್ದಿದ್ದರೂ ಅದು ಸಣ್ಣದಾಗಿದ್ದರೆ, ಸಾಕಷ್ಟು ಮೇಲಿದ್ದರೆ, ಬಿಲ್ಲೆ ದುಂಡಗೇ ಇರುತ್ತದೆ. ಅದು ಸಂದಿಯ ಆಕಾರವಲ್ಲ, ಸೂರ್ಯನದೇ ಬಿಂಬ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಮರದಡಿಯ ಬಿಲ್ಲೆಗಳು ಬಳೆಗಳಾದದ್ದು ಇದೇ ಕಾರಣಕ್ಕೆ. ವಿರೂಪಾಕ್ಷನ ಕೋಣೆಯಲ್ಲಿ ನಡೆಯುವುದು ನಮ್ಮ ಅಡುಗೆಮನೆಗಳಲ್ಲೂ ನಡೆಯುತ್ತಿತ್ತು. ಅಡುಗೆಯ ಗಡಿಬಿಡಿಯಲ್ಲಿ ಯಾರೂ ನೆಲದ ಕಡೆ ನೋಡುತ್ತಿರಲಿಲ್ಲ, ಅಷ್ಟೇ.

ದಿನವೂ ಒಂದೇ ಜಾಗದಿಂದ, ಒಂದೇ ಹೊತ್ತಿಗೆ ಪಟ ತೆಗೆಯುವವರು ಪಂಚಾಂಗ ಬಿಚ್ಚದೆಯೇ ಸೂರ್ಯನ ನಡೆ ಕಲಿಯುತ್ತಾರೆ. ಬೆಂಗಳೂರು, ಮೈಸೂರಿನ ಅಕ್ಷಾಂಶದಲ್ಲಿ ಸೂರ್ಯ ಮೂಡುವ ಜಾಗ ಡಿಸೆಂಬರ್‌ನಿಂದ ಜೂನ್‌ಗೆ ಸುಮಾರು 48 ಡಿಗ್ರಿ ಉತ್ತರಕ್ಕೆ ಸರಿಯುತ್ತದೆ. ಡಿಸೆಂಬರಿನಲ್ಲಿ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಕಂಡವನು ಜೂನಿನಲ್ಲಿ ಎಷ್ಟೋ ಮನೆಗಳಾಚೆ ಏಳುತ್ತಾನೆ. ಅರ್ಧ ವರ್ಷ ಬಿಸಿಲನ್ನೇ ಕಾಣದ ಉತ್ತರದ ಗೋಡೆಗೆ ಮಾರ್ಚ್ ಕಳೆದ ಮೇಲೆ ಬೆಳಗಿನ ಹೊತ್ತು ಓರೆ ಬಿಸಿಲು ತಾಗತೊಡಗುತ್ತದೆ. ಆ ದಿನ ಗೋಡೆಯ ಗಾರೆಯ ಉಬ್ಬುತಗ್ಗೆಲ್ಲ ಎದ್ದು ನಿಲ್ಲುತ್ತದೆ. ಸುಣ್ಣ ಬಳಿದ ಕುಂಚ ಯಾವ ದಿಕ್ಕಿಗೆ ಓಡಿತ್ತೆಂಬುದೂ ಕಾಣುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಗೆ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಈ ಎರಡರ ನಡುವಿನ ದಿನಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಯುರೋಪಿನ ಯಾವ ಊರಿನಲ್ಲೂ ಇಂಥ ನೆರಳು ಸಿಗುವುದಿಲ್ಲ.

ಹಾಗಾಗಿ ದೂರದ ಉತ್ತರದ ನಾಡುಗಳವರು ಬರೆದ ಫೋಟೊಗ್ರಫಿ ಪುಸ್ತಕಗಳ ಬುದ್ಧಿಮಾತನ್ನು ಇಲ್ಲಿ ಸ್ವಲ್ಪ ಸಡಿಲಿಸಿಕೊಳ್ಳಬೇಕಾಗುತ್ತದೆ. ಅವರು ಹೊಗಳುವ ಸಂಜೆಯ ಹೊಂಬೆಳಕು ಅವರಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ಕ್ಯಾಮರಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಬಣ್ಣ ಇಳಿದಿರುತ್ತದೆ. ಆ ಕೊರತೆಯನ್ನು ಮಳೆಗಾಲ ತುಂಬಿಕೊಡುತ್ತದೆ. ಆಷಾಢದ ಆಕಾಶ ಸೂರ್ಯನ ಮೇಲೆ ಒದ್ದೆ ಪಂಚೆ ಹರವಿದ ಹಾಗಿರುತ್ತದೆ. ನೆರಳುಗಳು ಕರಗಿಹೋಗುತ್ತವೆ, ಬಣ್ಣಗಳು ಒಳಗಿನಿಂದ ತುಂಬಿಕೊಳ್ಳುತ್ತವೆ. ನೆನೆದ ಕೆಮ್ಮಣ್ಣು, ಪಾಚಿ ಕಟ್ಟಿದ ಕಾಂಪೌಂಡು, ಬಾಳೆಲೆಯ ಹಿಂಬದಿಯ ತಿಳಿಹಸಿರು ಬಿಸಿಲಿನಲ್ಲಿ ಎಂದೂ ಹೀಗೆ ಕಾಣುವುದಿಲ್ಲ. ಬಿಸಿಲಿಲ್ಲ, ಫೋಟೊಗೆ ಒಳ್ಳೆಯ ದಿನವಲ್ಲ ಎಂದು ಯಾರಾದರೂ ಅಂದರೆ ದಿನದ ಪಟದವರು ಒಳಗೊಳಗೇ ನಗುತ್ತಾರೆ.

ನಮ್ಮ ಕಾವ್ಯಮೀಮಾಂಸೆ ಸ್ಥಾಯಿಭಾವವನ್ನೂ ಸಂಚಾರಿಭಾವಗಳನ್ನೂ ಬೇರೆ ಮಾಡಿ ಹೇಳುತ್ತದೆ. ಭರತನ ಲೆಕ್ಕದಲ್ಲಿ ಸ್ಥಾಯಿಗಳು 8, ಸಂಚಾರಿಗಳು 33. ಬಂದುಹೋಗುವ ಸಂಚಾರಿಗಳಿಲ್ಲದೆ ಸ್ಥಾಯಿ ರಸವಾಗುವುದಿಲ್ಲ. ದಿನದ ಪಟದಲ್ಲಿ ಮನೆ, ಬೀದಿ, ಕಿಟಕಿ ಸ್ಥಾಯಿಯ ಜಾಗದಲ್ಲಿವೆ. ಮೋಡ, ಮಳೆ, ಧೂಳು, ಹಾದುಹೋದ ಹಾಲಿನವನ ಸೈಕಲ್ಲು ಸಂಚಾರಿಗಳು. ಇದನ್ನು ಬದುಕಿಡೀ ಮಾಡಿ ತೋರಿಸಿದವರಲ್ಲಿ ಪ್ರಾಗ್ ನಗರದ ಯೋಸೆಫ್ ಸುಡೆಕ್ ದೊಡ್ಡವರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಅವರು ದೊಡ್ಡ ಪೆಟ್ಟಿಗೆ ಕ್ಯಾಮರಾವನ್ನು ಒಂದೇ ಕೈಯಲ್ಲಿ ನಿಭಾಯಿಸಿದರು. ನಾಜಿಗಳ ಆಡಳಿತದಲ್ಲಿ ಬೀದಿಯಲ್ಲಿ ಕ್ಯಾಮರಾ ಹಿಡಿಯುವುದು ಕಷ್ಟವಾದಾಗ ತಮ್ಮ ಸ್ಟುಡಿಯೋದ ಕಿಟಕಿಯ ಕಡೆ ತಿರುಗಿದರು. 1940ರಿಂದ 1954ರವರೆಗೆ ಅದೇ ಕಿಟಕಿ, ಆಚೆ ಅದೇ ಸೊಟ್ಟ ಮರ. ಗಾಜಿನ ಮೇಲೆ ಒಮ್ಮೆ ಹನಿ ಸಾಲುಗಟ್ಟಿದೆ, ಒಮ್ಮೆ ಉಸಿರಿನಂಥ ಮಂಜು ಹಬ್ಬಿದೆ, ಒಮ್ಮೆ ಹಿಮ ಹೂ ಬಿಟ್ಟಿದೆ. ಆ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಕಿಟಕಿ ಬೇಸರ ತರಿಸುವ ಬದಲು ಹತ್ತಿರದ ನೆಂಟನಾಗುತ್ತದೆ.

ಇದಕ್ಕೆ ಪೂರಾ ಬೇರೆ ದಾರಿ ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್ ಅವರದು. 1979ರ ಮಾರ್ಚ್ 31ರಂದು ಪೋಲರಾಯ್ಡ್ ಕ್ಯಾಮರಾದಲ್ಲಿ ದಿನಕ್ಕೊಂದು ಚಿತ್ರ ತೆಗೆಯಲು ಶುರುಮಾಡಿದ ಅವರು 1997ರ ಅಕ್ಟೋಬರ್ 25ರಂದು, ತಮ್ಮ 41ನೇ ಹುಟ್ಟುಹಬ್ಬದಂದೇ, ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಗೆಳೆಯರು, ಊಟದ ಮೇಜು, ಬೀದಿಯ ಆಟ, ಕೊನೆಕೊನೆಗೆ ಆಸ್ಪತ್ರೆ ಎಲ್ಲವೂ ಅಲ್ಲಿವೆ. ಪೋಲರಾಯ್ಡ್ ಹಾಳೆಯನ್ನು ಆಮೇಲೆ ತಿದ್ದಿಕೊಳ್ಳುವ ದಾರಿ ಇಲ್ಲ. ಅವರ ತಿದ್ದುಪಡಿಯೆಲ್ಲ ಗುಂಡಿ ಒತ್ತುವ ಮೊದಲೇ ಆಗಬೇಕಿತ್ತು: ಇಂದಿನ ಒಂದೇ ಒಂದು ಚಿತ್ರಕ್ಕೆ ಯಾವ ಗಳಿಗೆ ತಕ್ಕದ್ದು ಎಂಬ ಆಯ್ಕೆಯಲ್ಲಿ.

ನಮ್ಮ ಕೈಯಲ್ಲಿರುವುದು ತಿದ್ದಲು ಬರುವ ಚಿತ್ರ. ಈ ತಿದ್ದುವ ಕೆಲಸಕ್ಕೆ ಒಂದು ಕೆಟ್ಟ ಹೆಸರೂ ಅಂಟಿಕೊಂಡಿದೆ, ಸುಳ್ಳನ್ನು ಸೇರಿಸುವುದು ಎಂಬಂತೆ. ಆದರೆ ತಿದ್ದದ ಫೋಟೊ ಎಂಬುದು ಯಾವ ಕಾಲದಲ್ಲೂ ವಿರಳವೇ. ನಮ್ಮೂರುಗಳ ಸ್ಟುಡಿಯೋದವರು ನೆಗೆಟಿವ್ ಮೇಲೆ ಮೊನಚು ಪೆನ್ಸಿಲ್ ಆಡಿಸಿ ಮದುಮಗಳ ಕೆನ್ನೆಯನ್ನು ನುಣುಪು ಮಾಡುತ್ತಿದ್ದರು. ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರ್ ಕೆಳಗೆ ಅಂಗೈ ಆಡಿಸಿ ಒಂದು ಭಾಗಕ್ಕೆ ಬೆಳಕು ತಡೆದು, ಇನ್ನೊಂದಕ್ಕೆ ಹೆಚ್ಚು ಬೀಳಿಸುವುದು ದಿನನಿತ್ಯದ ಕೆಲಸವಾಗಿತ್ತು. ಎಳೆತನದಲ್ಲಿ ಪಿಯಾನೋ ಕಲಿತ ಆ್ಯನ್ಸೆಲ್ ಆ್ಯಡಮ್ಸ್, ನೆಗೆಟಿವ್ ಬರೆದಿಟ್ಟ ಸ್ವರಲಿಪಿ ಇದ್ದಂತೆ, ಪ್ರಿಂಟ್ ಕಛೇರಿಯಲ್ಲಿ ನುಡಿಸಿದಂತೆ ಎಂಬ ಭಾವದಲ್ಲಿ ಹೇಳುತ್ತಿದ್ದರು. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುವುದನ್ನು ತೆಗೆದ ಅವರ ಹೆಸರಾಂತ ಚಿತ್ರದ ಮೊದಲ ಪ್ರಿಂಟ್‌ಗಳಲ್ಲಿ ಆಕಾಶದಲ್ಲಿ ತೆಳುಮೋಡಗಳು ಕಾಣುತ್ತವೆ. ದಶಕಗಳ ಮೇಲೆ ಮಾಡಿದ ಪ್ರಿಂಟ್‌ಗಳಲ್ಲಿ ಆಕಾಶ ಬಹುಪಾಲು ಕಪ್ಪು. ನೆಗೆಟಿವ್ ಅದೇ, ನುಡಿಸುವ ಮನಸ್ಸು ಮಾಗಿತ್ತು.

ಒಂದು ಬೆಳಗಿನ ಪಟವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಗಾಂಧಿ ಬಜಾರು, ಸೂರ್ಯ ಇನ್ನೂ ಹುಟ್ಟಿಲ್ಲ, ಹೂವಿನವರು ಆಗಲೇ ಕೂತಿದ್ದಾರೆ. ಒದ್ದೆ ಗೋಣಿಯ ಮೇಲೆ ಮಲ್ಲಿಗೆಯ ದಿಂಡು, ಕನಕಾಂಬರ, ಹಳದಿ ಸೇವಂತಿಗೆ. ಮೇಲೆ ತಂತಿಗೆ ತೂಗುಬಿಟ್ಟ ಹಳೆಯ ಬಲ್ಬು. ಬಲ್ಬಿನ ಬೆಳಕು ಸುಮಾರು 2,700 ಕೆಲ್ವಿನ್. ಹಿಂದಿನ ಆಕಾಶದ ನೀಲಿ 10,000ವನ್ನೂ ಮೀರಬಹುದು. ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ಸವಿಯುತ್ತದೆ. ಮೊಬೈಲು ಹಾಗಲ್ಲ, ಯಾವುದಾದರೂ ಒಂದನ್ನು ಬಿಳುಪು ಎಂದು ತೀರ್ಮಾನಿಸಲು ಹೊರಟು ಎರಡನ್ನೂ ಸಪ್ಪೆ ಮಾಡಿಡುತ್ತದೆ. ರಾತ್ರಿ ಊಟವಾದ ಮೇಲೆ ಆ ಪಟ ತೆರೆದು ವೈಟ್ ಬ್ಯಾಲೆನ್ಸನ್ನು ನಿಧಾನಕ್ಕೆ ಸರಿಸುತ್ತ ಹೋದರೆ ಒಂದು ಬಿಂದುವಿನಲ್ಲಿ ಮಲ್ಲಿಗೆ ಮತ್ತೆ ಬಲ್ಬಿನ ಕೆಳಗಿನ ಮಲ್ಲಿಗೆಯಾಗುತ್ತದೆ, ಹಿಂದಿನ ಬೀದಿ ನಸುಕಿನ ಬೀದಿಯಾಗುತ್ತದೆ.

ಕನಕಾಂಬರದ್ದು ಬೇರೆ ಹಟ. ಅದರ ಕೇಸರಿಯಲ್ಲಿ ಕೆಂಪಿನ ಪಾಲು ಎಷ್ಟು ಹೆಚ್ಚೆಂದರೆ ಸೆನ್ಸರಿನ ಕೆಂಪು ತುಂಬಿ ಚೆಲ್ಲಿ, ಎಸಳುಗಳ ಅಂಚೇ ಅಳಿಸಿಹೋಗಿ ಮುದ್ದೆಯಾಗಿ ಕಾಣುತ್ತದೆ. ಅದನ್ನು ತಿದ್ದಲು ಬಣ್ಣವನ್ನು ಏರಿಸಬಾರದು, ಇಳಿಸಬೇಕು. ಇಳಿಸಿದಾಗ ಎಸಳಿನ ಅಂಚು, ಕಟ್ಟಿದ ಬಾಳೆನಾರು, ನಡುವೆ ಸಿಕ್ಕಿಸಿದ ಮರುಗದ ಹಸಿರು ಒಂದೊಂದಾಗಿ ಹೊರಬರುತ್ತವೆ. ರಾ ಫೈಲಿನಲ್ಲಿ ತೆಗೆದಿದ್ದರೆ ಈ ಕೆಲಸ ಇನ್ನೂ ಸಲೀಸು. 14 ಬಿಟ್ ರಾ ಫೈಲು ಒಂದೊಂದು ಬಣ್ಣಕ್ಕೂ 16,384 ಮೆಟ್ಟಿಲುಗಳನ್ನು ಇಟ್ಟುಕೊಂಡಿರುತ್ತದೆ. ಜೆಪೆಗ್‌ನಲ್ಲಿ ಅವು 256 ಮಾತ್ರ. ಲೆಕ್ಕ ಹಾಗಿರಲಿ, ಇಲ್ಲಿನ ಸುಖ ಬೇರೆಯೇ. ಬೆಳಗ್ಗೆ ಗಡಿಬಿಡಿಯಲ್ಲಿ ಅರೆಗಳಿಗೆ ಕಂಡದ್ದನ್ನು ರಾತ್ರಿ ಪುರುಸೊತ್ತಾಗಿ ಮೆಲುಕು ಹಾಕುತ್ತೇವೆ. ಹೂವಿನಾಕೆಯ ಬೆರಳಿನ ತುದಿಯಲ್ಲಿ ದಾರ ಕೊಯ್ದ ಗೆರೆಗಳಿವೆ ಎಂಬುದು ಬೆಳಗ್ಗೆ ಕಂಡೇ ಇರಲಿಲ್ಲ.

ತಿದ್ದುವುದರಲ್ಲಿ ಕಲಿಯಲು ಬಹಳ ದಿನ ಹಿಡಿಯುವುದು ಕತ್ತಲೆಯನ್ನು ಅದರ ಪಾಡಿಗೆ ಬಿಡುವುದನ್ನು. ಈಗಿನ ಮೊಬೈಲುಗಳಿಗೆ ನೆರಳನ್ನು ಕಂಡರಾಗದು. ಹಲವು ಚಿತ್ರ ತೆಗೆದು ಬೆಸೆದು, ಮೂಲೆ ಮೂಲೆಯನ್ನೂ ಬೆಳಗಿ ಕೊಡುತ್ತವೆ. ನಡುಮನೆಯ ಮಬ್ಬಿನಲ್ಲಿ ದೀಪದೆದುರು ಕೂತ ಅಜ್ಜಿಯ ಹಿಂದೆ ಕ್ಯಾಲೆಂಡರು, ಸ್ವಿಚ್‌ಬೋರ್ಡು, ಪ್ಲಾಸ್ಟಿಕ್ ಚೀಲ ಎಲ್ಲವೂ ಎದ್ದು ಕೂತರೆ ದೀಪಕ್ಕೆ ಅಲ್ಲೇನು ಕೆಲಸ? ನ್ಯೂಯಾರ್ಕಿನ ಸಾಲ್ ಲೈಟರ್ ಅವರ ಬಣ್ಣದ ಚಿತ್ರಗಳನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ತಮ್ಮ ಕೇರಿಯ ಸುತ್ತಲೇ ಹತ್ತಾರು ವರ್ಷ ಓಡಾಡಿದ ಅವರ ಚಿತ್ರಗಳಲ್ಲಿ ಚೌಕಟ್ಟಿನ ಬಹುಪಾಲು ಕಪ್ಪಾಗಿಯೋ ಮಂಜಾಗಿಯೋ ಇರುತ್ತದೆ. ಹಿಮದ ನಡುವೆ ಒಂದು ಕೆಂಪು ಕೊಡೆ, ಹಬೆಗಟ್ಟಿದ ಗಾಜಿನಾಚೆ ಒಂದು ಮುಖದ ಅಂಚು, ಅಷ್ಟೇ. 1940ರ ದಶಕದ ಕೊನೆಯಿಂದ ತೆಗೆದ ಆ ಚಿತ್ರಗಳು ಲೋಕದ ಕಣ್ಣಿಗೆ ಸರಿಯಾಗಿ ಬಿದ್ದದ್ದು 2006ರಲ್ಲಿ ಅವರ ಪುಸ್ತಕ ಬಂದ ಮೇಲೆ. ಅಷ್ಟು ಕಾಲ ಕಾದರೂ ಅವುಗಳ ಬಣ್ಣ ಹಳತಾಗಿರಲಿಲ್ಲ.

ವರ್ಷ ಮುಗಿದ ಮೇಲೆ ಈ ಪಟಗಳನ್ನು ಏನು ಮಾಡಬೇಕು? ಚೆನ್ನಾಗಿ ಬಂದವನ್ನು ಆರಿಸಿ ಆಲ್ಬಂ ಮಾಡಬೇಕೆನಿಸುವುದು ಸಹಜ. ಹಾಗೆ ಮಾಡಬಾರದೆಂದೇ ನನ್ನ ವಾದ. ಆರಿಸಿದ ಕೂಡಲೇ ಅದು ಎಲ್ಲರ ಆಲ್ಬಂನಂತೆ ಆಗಿಬಿಡುತ್ತದೆ, ಹಬ್ಬಗಳಷ್ಟೇ ಇರುವ ಪಂಚಾಂಗವಾಗುತ್ತದೆ. ಜ್ವರ ಬಂದ ದಿನ ಮಂಚದಿಂದ ತೆಗೆದ ಫ್ಯಾನು, ಬಸ್ಸಿನ ಕಿಟಕಿಯಿಂದ ಅಲುಗಾಡಿ ಬಂದ ದೀಪಗಳು, ಏನೂ ತೋಚದೆ ತೆಗೆದ ಚಪ್ಪಲಿಗಳು, ಇವೆಲ್ಲ ತಾರೀಖಿನ ಪ್ರಕಾರ ತಮ್ಮ ತಮ್ಮ ಜಾಗದಲ್ಲೇ ಇರಲಿ. ಸುಡೆಕ್ ಅವರ ಕಿಟಕಿಗೂ ಲಿವಿಂಗ್‌ಸ್ಟನ್ ಅವರ ದಿನಗಳಿಗೂ ತೂಕ ಬಂದದ್ದು ಸಾಲಿನಿಂದ. ಸಪ್ಪೆ ದಿನಗಳ ಪಕ್ಕದಲ್ಲಿ ನೋಡಿದಾಗಲೇ ಉತ್ತರದ ಗೋಡೆಗೆ ಬಿಸಿಲು ತಾಗಿದ ದಿನ ಹಬ್ಬವಾಗುತ್ತದೆ.